ಮೆತ್ತಿದ ಗೋಡೆ

"ಮೊನ್ನೆ ತಾನೆ ಮುಚ್ಚಿದ್ದಲ್ವಾ ಇದನ್ನ? ಮತ್ತೆ ಯಾರು ಬಾಯಿ ಬಿಡಿಸಿದ್ರು?"

ಕೇಳಿದವಳು ಗಂಟೆಯಮ್ಮ. ಕೇಳಿಸಿಕೊಳ್ಳುವುದಕ್ಕೆ ಶಾಲೆಯ ನಾಲ್ಕನೇ ಕೋಣೆಯಲ್ಲಿ ನರಪಿಳ್ಳೆಯೂ ಇರಲಿಲ್ಲ. ಮಕ್ಕಳು ಬರುವುದಕ್ಕೆ ಇನ್ನೂ ಮುಕ್ಕಾಲು ಗಂಟೆ ಇತ್ತು. ಕಸಬರಿಗೆಯನ್ನು ಕಂಕುಳಲ್ಲಿ ಇರುಕಿಕೊಂಡು ಅವಳು ಕಿಟಕಿಯ ಪಕ್ಕದ ಗೋಡೆಯ ಮುಂದೆ ನಿಂತಿದ್ದಳು. ಅಂಗೈಯಲ್ಲಿ ಬೆರಳುದ್ದದ ಒಂದು ಚೂರು. ಹಿಟ್ಟಿನ ಬೆಂಚಿನ ಮೇಲೆ ಬಿದ್ದಿದ್ದನ್ನು ಈಗಷ್ಟೇ ಎತ್ತಿಕೊಂಡಿದ್ದಳು.

ಆ ಬೆಂಚಿಗೆ ಹಿಟ್ಟಿನ ಬೆಂಚು ಎಂದು ಹೆಸರಿಟ್ಟವರು ಮಕ್ಕಳೇ. ಗೋಡೆಗೆ ಅಂಟಿಕೊಂಡ ಸಾಲಿನಲ್ಲಿ ಅದು ಕೊನೆಯದು. ಅಲ್ಲಿ ಕೂತವರ ತಲೆಯ ಮೇಲೆ ಸಣ್ಣಗೆ ಪುಡಿ ಉದುರುತ್ತಿತ್ತು. ಅದಕ್ಕೇ ಯಾರೂ ತಾವಾಗಿ ಅಲ್ಲಿ ಕೂರುತ್ತಿರಲಿಲ್ಲ. ತಡವಾಗಿ ಬಂದವರಿಗೆ ಆ ಜಾಗ ಎಂದು ತಮ್ಮತಮ್ಮೊಳಗೇ ಕಾನೂನು ಮಾಡಿಕೊಂಡಿದ್ದರು. ಮಧ್ಯಾಹ್ನದ ಹೊತ್ತಿಗೆ ಅಲ್ಲಿ ಕೂತವಳ ಕೂದಲು ನರೆತಂತಾಗಿ, "ಅಜ್ಜೀ, ಕೋಲು ಕೊಡ್ಲಾ?" ಎಂದು ಉಳಿದವರು ಕೇಕೆ ಹಾಕುತ್ತಿದ್ದರು. ಅವರ ಜೊತೆ ಗಂಟೆಯಮ್ಮನೂ ನಕ್ಕಿದ್ದುಂಟು.

ಚೂರನ್ನು ತಿರುಗಿಸಿ ನೋಡಿದಳು. ಒಂದು ಬದಿ ನುಣ್ಣಗೆ, ಗೋಡೆಯದೇ ತಿಳಿನೀಲಿ ಬಣ್ಣ. ಇನ್ನೊಂದು ಬದಿ ಒರಟು, ಇಟ್ಟಿಗೆಯ ಹಲ್ಲುಗಳು ಅದರಲ್ಲಿ ಮೂಡಿದ್ದವು. ಯಾರ ಕೈಕೆಲಸ ಎಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ತನ್ನ ರೊಟ್ಟಿ ತನಗೆ ಗೊತ್ತಾಗದೆ ಇರುತ್ತದೆಯೇ?

ಮುರಿದ ಸೀಮೆಸುಣ್ಣದ ತುಂಡುಗಳನ್ನೆಲ್ಲ ಅವಳು ಒಂದು ಡಬ್ಬಿಯಲ್ಲಿ ಕೂಡಿಡುತ್ತಿದ್ದಳು. ಅವನ್ನು ಕುಟ್ಟಿ, ಹಳೇ ಬಟ್ಟೆಯಲ್ಲಿ ಸೋಸಿ, ಕುದಿಸಿದ ಹಿಟ್ಟಿನ ಅಂಟಿನಲ್ಲಿ ಕಲಸಿ, ಗೋಡೆಗೆ ಬಳಿದು ಡಬ್ಬದ ತಳದಲ್ಲಿ ಉಳಿದ ಬಣ್ಣವನ್ನು ಒಂದು ಚಮಚ ಬೆರೆಸಿದರೆ ಗೋಡೆಯ ಗಾಯಕ್ಕೆ ಮದ್ದು ಸಿದ್ಧ. ಹೆಬ್ಬೆರಳಲ್ಲಿ ಒತ್ತಿ ಒತ್ತಿ ತುಂಬಿ, ಒದ್ದೆ ಬಟ್ಟೆಯಲ್ಲಿ ಸವರಿಬಿಟ್ಟರೆ ಮುಗಿಯಿತು. ಎರಡು ದಿನ ಒಣಗಿದ ಮೇಲೆ ಬಿರುಕು ಎಲ್ಲಿತ್ತೆಂದು ಗೋಡೆಗೇ ಮರೆತುಹೋಗಬೇಕು, ಹಾಗೆ. ಇದನ್ನು ಮಾಡು ಎಂದು ಯಾರೂ ಅವಳಿಗೆ ಹೇಳಿರಲಿಲ್ಲ. ಅವಳ ಕೆಲಸ ಗುಡಿಸುವುದು, ನೀರು ತುಂಬಿಸುವುದು, ಗಂಟೆ ಬಾರಿಸುವುದು. ವರ್ಷಕ್ಕೊಮ್ಮೆ ಆದೇಶ ಬಂದರೆ ಕೆಲಸ ಉಂಟು, ಬಾರದಿದ್ದರೆ ಇಲ್ಲ. ಹಾಗೆ ಇಪ್ಪತ್ತೆರಡು ಆದೇಶಗಳು ಬಂದಿದ್ದವು. ಆದರೆ ಅತಿಥಿಗಳು ಬರುವ ದಿನ ಹರಿದ ಅಂಗಿಯ ಮಗುವನ್ನು ಯಾವ ತಾಯಿ ಮುಂದೆ ನಿಲ್ಲಿಸುತ್ತಾಳೆ?

"ನಿನ್ನ ಕೈ ಇಲ್ದಿದ್ರೆ ಈ ಶಾಲೆ ಯಾವತ್ತೋ ಮಣ್ಣುಪಾಲಾಗ್ತಿತ್ತು ಕಣೇ," ಎಂದು ಹೆಡ್ ಮೇಡಂ ಹೇಳಿದ್ದ ಮಾತನ್ನು ಅವಳು ಬಹಳ ದಿನ ನಾಲಿಗೆಯ ಕೆಳಗೆ ಕಲ್ಲುಸಕ್ಕರೆಯಂತೆ ಇಟ್ಟುಕೊಂಡಿದ್ದಳು.

ಈ ಕಟ್ಟಡ ಯಾರದು ಎಂಬ ಪ್ರಶ್ನೆಗೆ ಆ ಊರಲ್ಲಿ ಇಬ್ಬರು ಉತ್ತರ ಕೊಡುತ್ತಿದ್ದರು. ಇಬ್ಬರದೂ ಒಂದೇ ಉತ್ತರ: ನಮ್ಮದಲ್ಲ. ಶಿಕ್ಷಣ ಕಚೇರಿಯವರು, ಮಕ್ಕಳು ನಮ್ಮವರು, ಗೋಡೆ ನಗರಸಭೆಯದು ಎನ್ನುತ್ತಿದ್ದರು. ನಗರಸಭೆಯವರು, ಕಟ್ಟಿದ್ದು ನಾವೇ, ಆದರೆ ಆಗಲೇ ನಿಮಗೆ ಒಪ್ಪಿಸಿದ್ದೇವಲ್ಲ ಎನ್ನುತ್ತಿದ್ದರು. ಒಪ್ಪಿಸಿದ ಕಾಗದ ಎಲ್ಲಿ ಎಂದರೆ, ನಿಮ್ಮಲ್ಲೇ ಇರಬೇಕು, ಹುಡುಕಿ. ಹೆಡ್ ಮೇಡಂ ಬರೆದ ಪತ್ರಗಳು ಮಗ್ಗದ ಲಾಳಿಯ ಹಾಗೆ ಆ ಕಚೇರಿಯಿಂದ ಈ ಕಚೇರಿಗೆ, ಈ ಕಚೇರಿಯಿಂದ ಆ ಕಚೇರಿಗೆ ಓಡಾಡಿದವು. ಬಟ್ಟೆ ಮಾತ್ರ ಒಂದು ಗೇಣೂ ನೇಯಲಿಲ್ಲ. "ನೆಲ ಅವರದು, ಗೋಡೆ ಇವರದು, ಸೋರೋ ನೀರು ಮಾತ್ರ ನಮ್ಮದು," ಎಂದು ಮೇಡಂ ನಗುತ್ತಿದ್ದರು. ನಗದೆ ಇನ್ನೇನು ಮಾಡಿಯಾರು?

ಆ ಬೆಳಿಗ್ಗೆಯೂ ಗಂಟೆಯಮ್ಮ ಡಬ್ಬಿ ತೆಗೆದಳು, ಕಲಸಿದಳು, ಮೆತ್ತಿದಳು. ಮಕ್ಕಳು ಬರುವ ಹೊತ್ತಿಗೆ ಗೋಡೆ ಏನೂ ಅರಿಯದ ಮುಗ್ಧೆಯಂತೆ ನಿಂತಿತ್ತು.

*

ಭಾನುವಾರ ಅವಳ ತಮ್ಮ ಬಂದ. ಗಾರೆ ಕೆಲಸದವನು. ಮಕ್ಕಳು ಕೈ ತೊಳೆಯುವ ನಲ್ಲಿಯ ಕಟ್ಟೆ ಕುಸಿದಿತ್ತು. ಕಚೇರಿಗಳನ್ನು ಕಾದು ಸಾಕಾಗಿ, ಅಕ್ಕ ತಮ್ಮನನ್ನೇ ಕರೆಸಿದ್ದಳು. ಕೂಲಿಯ ಮಾತೇ ಇಲ್ಲ, ಊಟ ಹಾಕಿದರಾಯಿತು. ಕಟ್ಟೆ ಮುಗಿಸಿ, ಕರಣೆ ತೊಳೆದು, ನೆರಳಿಗೆಂದು ಅವನು ನಾಲ್ಕನೇ ಕೋಣೆಯೊಳಗೆ ಬಂದ. ಬಂದವನು ಕೂರಲಿಲ್ಲ. ಗೋಡೆಯ ಕಡೆ ಕತ್ತು ಓರೆ ಮಾಡಿ ನೋಡಿದ.

"ಅಕ್ಕಾ, ಈ ಗೋಡೆಗೆ ಪೌಡರ್ ಹಚ್ಚಿದೋರು ಯಾರು?"

"ಯಾಕೋ, ಚೆನ್ನಾಗಿಲ್ವಾ?"

"ಚೆನ್ನಾಗಿದೆ. ಅದಕ್ಕೇ ಕೇಳಿದ್ದು."

ಕರಣೆಯ ಹಿಡಿಯಿಂದ ಮೇಲಿನಿಂದ ಕೆಳಗೆ ತಟ್ಟುತ್ತ ಬಂದ. ಟಕ್ ಟಕ್ ಎನ್ನುತ್ತಿದ್ದ ಸದ್ದು ಒಂದು ಕಡೆ ಬೊದ್ ಎಂದಿತು. ಅಲ್ಲಿ ಕಿವಿ ಇಟ್ಟ. ಆಮೇಲೆ ಜೇಬಿನಿಂದ ಒಂದು ಮೊಳೆ ತೆಗೆದು ಮೆತ್ತಗೆ ಕೆದಕಿದ. ಅವಳು ಅಷ್ಟು ನಾಜೂಕಾಗಿ ತುಂಬಿದ್ದದ್ದೆಲ್ಲ ಪಟ್ಟಿಪಟ್ಟಿಯಾಗಿ ಕಳಚಿ ಬಂತು. ಅವನು ತೋರುಬೆರಳನ್ನು ಬಿರುಕಿನೊಳಗೆ ಇಟ್ಟ. ಬೆರಳು ಎರಡನೇ ಗೆಣ್ಣಿನವರೆಗೂ ಒಳಗೆ ಹೋಯಿತು.

"ಎಷ್ಟು ವರ್ಷದಿಂದ ತಿನ್ನಿಸ್ತಾ ಇದೀಯ ಇದಕ್ಕೆ?"

"ಒಂಬತ್ತಾಯ್ತೇನೋ."

ಅವನಿಗೆ ನಗು ಬಂತು. ಆದರೆ ತಲೆ ಎತ್ತಿ ಮೇಲಿನ ತೊಲೆ ಗೋಡೆಯ ಮೇಲೆ ಕೂತ ಜಾಗವನ್ನು ನೋಡಿದ ಮೇಲೆ ನಗು ಅಲ್ಲೇ ನಿಂತಿತು. "ಮಗು ಅಳ್ತಿದೆ ಅಂತ ಬಾಯಿಗೆ ಬಟ್ಟೆ ತುರುಕ್ತಾರೇನೇ ಯಾರಾದ್ರೂ?"

ಗಂಟೆಯಮ್ಮನಿಗೆ ಸಿಟ್ಟು ನೆತ್ತಿಗೇರಿತು. "ಬಂದ ನೋಡು ದೊಡ್ಡ ಮೇಸ್ತ್ರಿ! ನಿಮ್ಮಪ್ಪ ಕಟ್ಟಿದ್ನಾ ಈ ಗೋಡೇನ?"

"ಅಪ್ಪ ಕಟ್ಟಿದ್ರೆ ಹೀಗೆ ಬಾಯಿ ಬಿಡ್ತಿರ್ಲಿಲ್ಲ. ಮತ್ತೆ ಅವನು ನಿನಗೂ ಅಪ್ಪಾನೇ ಅಕ್ಕ, ಮರೀಬೇಡ."

ಮೂಲೆಯಲ್ಲಿ ಒಡೆದ ಕಿಟಕಿಯ ಗಾಜು ಒರಗಿಸಿತ್ತು. ಅದರಿಂದ ಬೆರಳಗಲದ ಮೂರು ಪಟ್ಟಿ ಕತ್ತರಿಸಿದ. ಬಿರುಕಿಗೆ ಅಡ್ಡಲಾಗಿ, ಮೇಲೊಂದು, ನಡುವೊಂದು, ಕೆಳಗೊಂದು ಇಟ್ಟು, ಎರಡೂ ತುದಿಗೆ ಸಿಮೆಂಟಿನ ಉಂಡೆ ಒತ್ತಿದ. ಹಸಿ ಸಿಮೆಂಟಿನ ಮೇಲೆ ಮೊಳೆಯಿಂದ ಅವತ್ತಿನ ತಾರೀಖು ಬರೆದ.

"ಇದೇನೋ ಇದು, ಗೋಡೆಗೆ ಪ್ಲಾಸ್ಟರ್ ಪಟ್ಟಿ?"

"ಗಾಜಿಗೆ ನಿನ್ನ ಥರ ಮುಚ್ಚಿಟ್ಕೊಳ್ಳೋಕೆ ಬರಲ್ಲ ಅಕ್ಕ. ಗೋಡೆ ಸುಮ್ನೆ ಇದ್ರೆ ಅದೂ ಸುಮ್ನಿರುತ್ತೆ. ಗೋಡೆ ಕೂದಲೆಳೆಯಷ್ಟು ಕದಲಿದ್ರೂ ಪಟ್ ಅಂತ ಒಡೆಯುತ್ತೆ. ದಿನಾ ಬೆಳಿಗ್ಗೆ ನೋಡ್ತಿರು."

"ಒಡೆದ್ರೆ?"

"ಒಡೆದ್ರೆ ಮಕ್ಕಳನ್ನ ಎಬ್ಬಿಸು. ಪುಸ್ತಕ ಎತ್ಕೊಳ್ಳೋಕೂ ಬಿಡ್ಬೇಡ."

ಹನ್ನೊಂದು ದಿನ ಬೆಳಿಗ್ಗೆ ಅವಳು ಬಾಗಿಲು ತೆಗೆದವಳೇ ಮೊದಲು ಗಾಜನ್ನು ನೋಡಿದಳು. ಮೂರೂ ಸರಿಯಾಗಿದ್ದವು. ತಮ್ಮನನ್ನು ಮನಸ್ಸಿನಲ್ಲೇ ಬೈದಳು. ತಾನೇನು ಕಡಿಮೆ ಪ್ರೀತಿಯಿಂದ ಮಾಡಿದ ಕೆಲಸವೇ ಅದು? ಬಟ್ಟೆ ತುರುಕಿದಳಂತೆ, ಬಟ್ಟೆ! ಹನ್ನೆರಡನೆಯ ಬೆಳಿಗ್ಗೆ ಮೇಲಿನ ಪಟ್ಟಿಯ ನಡುವೆ ಒಂದು ಗೆರೆ ಇತ್ತು. ಬಿಸಿಲಿನ ಎಳೆ ಇರಬೇಕೆಂದು ಕೈ ಅಡ್ಡ ಹಿಡಿದಳು. ಗೆರೆ ಹೋಗಲಿಲ್ಲ. ಉಗುರಿನಿಂದ ಸವರಿದಳು. ಉಗುರು ತಡೆಯಿತು.

ಆಮೇಲೆ ಅವಳು ಯೋಚಿಸಲಿಲ್ಲ. ಹಿಟ್ಟಿನ ಬೆಂಚನ್ನು ಮೊದಲು ಎಳೆದಳು. ಒಟ್ಟು ಹನ್ನೊಂದು ಬೆಂಚು, ಒಂದೊಂದೂ ಕಬ್ಬಿಣದ ಕಾಲಿನದು. ಒಂದೊಂದನ್ನೇ ಜಗುಲಿಗೆ ಎಳೆದು ಹಾಕುವಾಗ ಕಲ್ಲುಹಾಸು ಕಿರ್ರೆಂದು ಕಿರುಚಿತು. ಕಪ್ಪುಹಲಗೆಯನ್ನು ಬೆನ್ನ ಮೇಲೆ ಹೊತ್ತು ತಂದಳು. ಕೋಣೆಗೆ ಬೀಗ ಹಾಕಿ, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿ, ಏದುಸಿರು ಬಿಡುತ್ತ ಗಂಟೆ ಬಾರಿಸಿದಳು.

*

"ಏನೇ ಇದು, ಬಾಡಿಗೆ ಮನೆ ಖಾಲಿ ಮಾಡೋರ ಥರ?" ಎಂದರು ಹೆಡ್ ಮೇಡಂ. ನಾಲ್ಕನೇ ತರಗತಿಗೆ ಪಾಠ ಮಾಡುವವರೂ ಅವರೇ.

ಅವಳು ಬೀಗ ತೆಗೆದು ತೋರಿಸಿದಳು. ಮೇಡಂ ಕನ್ನಡಕವನ್ನು ಹಣೆಗೇರಿಸಿ ಒಡೆದ ಗಾಜನ್ನು ನೋಡಿದರು. ಕಚೇರಿ ಕೋಣೆಗೆ ಹೋಗಿ, ಕಪಾಟಿನ ಮೇಲಿನ ಕಡತ ಇಳಿಸಿ, ಧೂಳು ಊದಿ ಬಿಚ್ಚಿದರು. ಅದರಲ್ಲಿ ಹದಿನೇಳು ಪತ್ರಗಳು ಅವರವು. ಅವುಗಳ ನಡುವೆ, ಮಡಚಿದ ಹಳದಿ ಹಾಳೆಯ ಮೂರು ವರದಿಗಳು.

"ಓದು," ಎಂದರು.

ಗಂಟೆಯಮ್ಮ ಬೆರಳಿಟ್ಟು ನಿಧಾನವಾಗಿ ಓದಿದಳು. ಸ್ಥಳ ಪರಿಶೀಲಿಸಲಾಗಿದೆ. ಗೋಡೆಗಳಲ್ಲಿ ಯಾವುದೇ ಬಿರುಕು ಕಂಡುಬಂದಿಲ್ಲ. ಕಟ್ಟಡವು ಬಳಕೆಗೆ ಯೋಗ್ಯವಾಗಿದೆ. ಎರಡನೆಯದರಲ್ಲೂ ಅದೇ. ಮೂರನೆಯದರಲ್ಲಿ ಅದರ ಜೊತೆಗೆ ಒಂದು ಸಾಲು ಹೆಚ್ಚಿಗೆ ಇತ್ತು: ಮುಖ್ಯ ಶಿಕ್ಷಕರು ಉತ್ಪ್ರೇಕ್ಷೆಯ ದೂರುಗಳನ್ನು ಸಲ್ಲಿಸುವುದನ್ನು ನಿಲ್ಲಿಸತಕ್ಕದ್ದು.

ಮೂರು ತಾರೀಖುಗಳೂ ಅವಳಿಗೆ ನೆನಪಿದ್ದವು. ಒಂದೊಂದು ಸಲವೂ ಎರಡು ದಿನ ಮುಂಚೆ ಅಂಟು ಕುದಿಸಿದ್ದು, ಹೆಬ್ಬೆರಳಿಗೆ ಬೊಬ್ಬೆ ಬಂದದ್ದು, ಬಂದವರು ಗೋಡೆಯ ಮೇಲೆ ಕೈಯಾಡಿಸಿ ಹೋದಾಗ ಬಾಗಿಲ ಮರೆಯಲ್ಲಿ ನಿಂತು ಹಿಗ್ಗಿದ್ದು. ಮೇಡಂ ಈ ಬದಿ ಕೂತು ಗೋಡೆ ಬಿರಿದಿದೆ ಎಂದು ಬರೆಯುತ್ತಿದ್ದರು. ಆ ಬದಿ ನಿಂತು ತಾನು ಆ ಅಕ್ಷರಗಳನ್ನೆಲ್ಲ ಒಂದೊಂದಾಗಿ ಅಳಿಸುತ್ತಿದ್ದಳು.

"ಹಾಗಾದ್ರೆ ಅವರ ಕಣ್ಣಿಗೆ ಸುಳ್ಳಿ ನಾನು," ಎಂದರು ಮೇಡಂ.

"ನೀವೇ ಅಲ್ವಾ ಮೇಡಂ ಹೇಳಿದ್ದು, ಸಾಹೇಬ್ರು ಬರ್ತಾರೆ, ನೀಟಾಗಿರ್ಲಿ ಅಂತ?"

"ನೆಲ ಗುಡಿಸು ಅಂತ ಹೇಳ್ದೆ ಕಣೇ. ಗೋಡೆ..." ಕನ್ನಡಕ ತೆಗೆದು ಒರೆಸಿಕೊಂಡರು. "ಗೋಡೇನೂ ಹೇಳಿದ್ದೆ. ಮುಚ್ಚಿದ್ದು ನೋಡಿ ಬೆನ್ನೂ ತಟ್ಟಿದ್ದೆ. ಇಬ್ರೂ ಸೇರ್ಕೊಂಡೇ ಮಾಡಿದೀವಿ ಬಿಡು."

ಅವತ್ತೇ ಹದಿನೆಂಟನೆಯ ಪತ್ರ ಹೋಯಿತು. ಉತ್ತರ ಈ ಸಲ ಫೋನಿನಲ್ಲಿ ಬಂತು, ಅದೂ ಬೇಗನೆ. ಗುರುವಾರ ಹನ್ನೊಂದಕ್ಕೆ ಇಂಜಿನಿಯರ್ ಬರುತ್ತಾರೆ. ಫೋನಿಟ್ಟ ಮೇಲೆ ಮೇಡಂ ಎಷ್ಟು ಹೊತ್ತಾದರೂ ಕುರ್ಚಿಯಿಂದ ಏಳಲಿಲ್ಲ. ಹೊಸ ನಿಯಮ ಬಂದಿದೆಯಂತೆ. ಐದು ಕೋಣೆ ಇದ್ದರೆ ಶಾಲೆ. ಒಂದು ಕಡಿಮೆಯಾದರೂ ಮಕ್ಕಳನ್ನು ಹೆದ್ದಾರಿಯ ಆಚೆಗಿನ ಶಾಲೆಗೆ ಸೇರಿಸಿ, ಇದಕ್ಕೆ ಬಾಗಿಲು ಹಾಕುವುದು. ಇವರ ಶಾಲೆಗಿದ್ದದ್ದು ಸರಿಯಾಗಿ ಐದೇ ಕೋಣೆ.

ಹೆದ್ದಾರಿಯೆಂದರೆ ಆರು ಸಾಲಿನಲ್ಲಿ ಲಾರಿಗಳು ಓಡುವ ರಸ್ತೆ. ಈಚೆಗಿನ ತಾಯಂದಿರು ಹಾಲಿನ ಡೈರಿಗೆ, ಬಟ್ಟೆ ಕಾರ್ಖಾನೆಗೆ ಬೆಳಗಾಗುವ ಮುಂಚೆ ಹೋಗುವವರು. ಕೈ ಹಿಡಿದು ದಾಟಿಸುವವರು ಯಾರು? ಅರ್ಧ ಮಕ್ಕಳು ಮನೆಯಲ್ಲೇ ಉಳಿದಾರು. ಗಂಟೆಯಮ್ಮನ ಇಪ್ಪತ್ತಮೂರನೆಯ ಆದೇಶವಂತೂ ಬರುವ ಮಾತೇ ಇಲ್ಲ. ಅತ್ತ ದರಿ, ಇತ್ತ ಪುಲಿ.

ಬುಧವಾರ ಮಧ್ಯಾಹ್ನ ಮೇಡಂ ಅವಳನ್ನು ಕರೆದು, ಮುಖ ನೋಡದೆ, ಮೇಜಿನ ಮೇಲಿನ ಪೆನ್ನನ್ನು ಅತ್ತಿತ್ತ ಉರುಳಿಸುತ್ತ ಹೇಳಿದರು. "ಇದೊಂದ್ಸಲ ಮೆತ್ತಿಬಿಡು."

ಗಂಟೆಯಮ್ಮ ಸೊಂಟದ ಕೀಲಿಯನ್ನು ಮುಟ್ಟಿ ನೋಡಿಕೊಂಡಳು.

"ಒಳಗೆ ಮಕ್ಕಳನ್ನ ಕೂರಿಸೋಲ್ಲ. ನಾನು ಮಾತು ಕೊಡ್ತೀನಿ. ಕೋಣೆ ಲೆಕ್ಕಕ್ಕೆ ಇರ್ಲಿ, ಅಷ್ಟೇ. ಬೀಗ ನಿನ್ನ ಹತ್ರಾನೇ ಇರ್ಲಿ."

"ನೀವು ಇನ್ನೆರಡು ತಿಂಗಳಲ್ಲಿ ನಿವೃತ್ತಿ ಆಗ್ತೀರ ಮೇಡಂ. ನಿಮ್ಮ ಮಾತು ಇಲ್ಲೇ ಇರುತ್ತಾ?"

ಪೆನ್ನು ಉರುಳಿ ಕೆಳಗೆ ಬಿತ್ತು. ಎತ್ತಿಕೊಟ್ಟು, ಗಂಟೆಯಮ್ಮ ಸೀಮೆಸುಣ್ಣದ ಡಬ್ಬಿ ಹಿಡಿದು ಹೊರಗೆ ಹೋದಳು. ಅವಳು ಒಪ್ಪಿದಳೆಂದೇ ಮೇಡಂ ತಿಳಿದರು.

*

ಶಾಲೆ ಬಿಟ್ಟಮೇಲೆ, ಬಿಸಿಲು ಇನ್ನೂ ಅಂಗಳದಲ್ಲಿರುವಾಗಲೇ, ಅವಳು ಒಂದು ಸ್ಕ್ರೂಡ್ರೈವರ್ ತೆಗೆದುಕೊಂಡು ನಾಲ್ಕನೇ ಕೋಣೆಯ ಬೀಗ ತೆಗೆದಳು. ಸ್ಟೂಲು ಹತ್ತಿದಳು. ತಮ್ಮ ಕೆದಕಿ ಬಿಟ್ಟಿದ್ದ ಕಡೆಯಿಂದ ಶುರುಮಾಡಿದಳು.

ಗಟ್ಟಿಯಾದದ್ದು ಸುಲಭಕ್ಕೆ ಬರಲಿಲ್ಲ. ಹೊಡೆಯಬೇಕು, ತಿರುವಬೇಕು, ಆಮೇಲೆ ಊದಬೇಕು. ಮೊದಲು ಈ ವರ್ಷದ ತಿಳಿನೀಲಿ ಬಂತು. ಅದರ ಹಿಂದೆ ಹೋದ ಸಲದ ಬೂದು ನೀಲಿ. ಆಗ ಬಣ್ಣ ಸಾಲದೆ ಮಸಿ ಬೆರೆಸಿದ್ದಳು. ಅದರ ಹಿಂದೆ ಕೆನೆ ಬಣ್ಣ. ಗೋಡೆಗೆ ಆಗ ಆ ಬಣ್ಣವಿತ್ತು. ಅದರ ಹಿಂದೆ ಹಸಿರು ಸೀಮೆಸುಣ್ಣ ಹೆಚ್ಚಾಗಿ ಬಿದ್ದು ಪಾಚಿಯಂತಾದ ಒಂದು ಪದರ. ಆ ವರ್ಷದ ಒಂದನೇ ತರಗತಿಯವರು ಬರೀ ಹಸಿರಲ್ಲೇ ಬರೆಯಬೇಕೆಂದು ಹಟ ಹಿಡಿದಿದ್ದರು. ಒಳಗೆ ಹೋದಷ್ಟೂ ಪದರ ಸಣ್ಣದಾಗುತ್ತ ಬಂದು, ತೀರ ಒಳಗಿನದು ನೂಲಿನ ಎಳೆಯಷ್ಟಿತ್ತು. ಮೊದಲ ಸಲ ಮೆತ್ತಿದಾಗ ಬಿರುಕು ಅಷ್ಟೇ ಇತ್ತು. ಆಗಲೇ ಹಾಗೇ ಬಿಟ್ಟಿದ್ದರೆ, ಬಂದವರ ಕಣ್ಣಿಗೆ ಅಷ್ಟಾದರೂ ಬಿದ್ದಿರುತ್ತಿತ್ತು.

ಕಣ್ಣಿಗೆ ಧೂಳು ಬಿತ್ತು. ಒರೆಸಿಕೊಂಡಳು, ಮತ್ತೆ ಹೊಡೆದಳು. ಯಾರೋ ಅವಳಿಗೆ ಹೊಡೆಯುತ್ತಿದ್ದರೆ ಹೇಗೋ ಹಾಗೆ ಒಂದೊಂದು ಏಟಿಗೂ ಹಲ್ಲು ಕಚ್ಚಿದಳು. ನಾಲ್ಕನೇ ಕೋಣೆಯದು ಮುಗಿದ ಮೇಲೆ ಎರಡನೇ ಕೋಣೆಯ ಬಾಗಿಲ ಮೇಲೆ. ಆಮೇಲೆ ಕಚೇರಿಯ ಕಪಾಟಿನ ಹಿಂದೆ. ಜಗುಲಿಯ ಮೂರನೇ ಕಂಬದ ಬುಡ. ಒಟ್ಟು ಏಳು ಜಾಗ. ಕತ್ತಲಲ್ಲಿ ಕೈ ಹಿಡಿದು ಬಿಟ್ಟರೂ ತಡವಿ ತೋರಿಸುವಷ್ಟು ಅವಳಿಗೆ ಬಾಯಿಪಾಠವಾಗಿದ್ದವು. ಕಿತ್ತ ಚೂರುಗಳನ್ನು ಗುಡಿಸಿ ಬಿಸಾಡಲಿಲ್ಲ. ಹಳೇ ಪತ್ರಿಕೆಯ ಮೇಲೆ ಹರಡಿ, ಯಾವುದು ಎಲ್ಲಿಯದು ಎಂದು ಸೀಮೆಸುಣ್ಣದಲ್ಲಿ ಬರೆದು, ನಾಲ್ಕನೇ ಕೋಣೆಯ ಕಿಟಕಿಯಲ್ಲಿ ಇಟ್ಟಳು.

ಬೆಳಿಗ್ಗೆ ಬಂದ ಮೇಡಂ ಜಗುಲಿಯ ಕಂಬದ ಮುಂದೆಯೇ ನಿಂತುಬಿಟ್ಟರು. ಅಲ್ಲಿಂದ ಕಚೇರಿಯವರೆಗೆ ಒಂದೊಂದೇ ನೋಡುತ್ತ ಬಂದರು. ಶಾಲೆ ರಾತ್ರೋರಾತ್ರಿ ಮುದಿಯಾದಂತಿತ್ತು.

"ನಾನು ಹೇಳಿದ್ದೇನು, ನೀನು ಮಾಡಿದ್ದೇನು!"

"ನೀವು ಹದಿನೆಂಟು ಸಲ ಬರೆದಿದೀರ ಮೇಡಂ. ನಿಮ್ಮನ್ನ ಒಂದ್ಸಲಾದ್ರೂ ನಿಜ ಮಾಡೋಣ ಅಂತ."

ಮೇಡಂ ಬೈಯಲು ಬಾಯಿ ತೆರೆದರು. ಹನ್ನೊಂದಕ್ಕೆ ಐದು ನಿಮಿಷವಿತ್ತು. ಗೇಟಿನಲ್ಲಿ ಸ್ಕೂಟರ್ ನಿಂತಿತು.

*

ಇಂಜಿನಿಯರ್ ಚಿಕ್ಕ ವಯಸ್ಸಿನವನು. ಬೂಟಿನ ಮೇಲೆ ಬೇರೆ ಬೇರೆ ಶಾಲೆಗಳ ಧೂಳು, ಕಣ್ಣ ಕೆಳಗೆ ನಿದ್ದೆಯಿಲ್ಲದ ಕಪ್ಪು. ಒಂದು ಲೋಟ ನೀರು ಕೇಳಿ, ಒಂದೇ ಗುಟುಕಿಗೆ ಕುಡಿದು, "ಈ ತಿಂಗಳು ಇದು ಮೂವತ್ತೊಂದನೇದು ಮೇಡಂ," ಎಂದ. ಮೊದಲ ಮೂರು ಕೋಣೆಯಲ್ಲೂ ಐದನೆಯದರಲ್ಲೂ ಮಕ್ಕಳ ಸಮೇತ ಫೋಟೋ ತೆಗೆದುಕೊಂಡ. ಗೋಡೆಗಳನ್ನು ನೋಡಿದ, ಹುಬ್ಬು ಗಂಟಿಕ್ಕಿದ, ಬರೆದುಕೊಂಡ. ಕೊನೆಗೆ ನಾಲ್ಕನೆಯದರ ಮುಂದೆ ಬಂದ. ಗಂಟೆಯಮ್ಮ ಬೀಗ ತೆಗೆದಳು.

ಬಿರುಕು ಕಿಟಕಿಯ ಮೇಲಿನಿಂದ ನೆಲದವರೆಗೆ, ಕಪ್ಪಗೆ, ಅಂಕುಡೊಂಕಾಗಿ ಇಳಿದಿತ್ತು. ಅವನು ಹತ್ತಿರ ಹೋಗಿ ಅಂಚನ್ನು ಮುಟ್ಟಿ ನೋಡಿದ.

"ಇದು ನಿನ್ನೆ ಕೆರೆದಿರೋದು. ಅಂಚೆಲ್ಲ ಹಸಿ ಇದೆ. ಹಿಂದಿನ ಮೂರು ವರದೀಲೂ ಇಲ್ಲಿ ಏನೂ ಇಲ್ಲ. ಯಾರು ಮಾಡಿದ್ದು?"

"ಕೆರೆದೋಳೂ ನಾನೇ ಸಾರ್, ಮುಚ್ಚಿದ್ದೋಳೂ ನಾನೇ. ಎರಡನ್ನೂ ಬರ್ಕೊಳ್ಳಿ," ಎಂದಳು ಗಂಟೆಯಮ್ಮ. ಪತ್ರಿಕೆಯ ಮೇಲಿನ ಚೂರುಗಳನ್ನು ಅವನ ಮುಂದೆ ಹಿಡಿದಳು. "ಒಂಬತ್ತು ವರ್ಷದ್ದು. ಬಣ್ಣ ನೋಡಿ, ವರ್ಷಕ್ಕೊಂದು."

"ಸಾರ್ವಜನಿಕ ಆಸ್ತಿ ಅಮ್ಮ ಇದು. ನಿಮ್ಮಿಷ್ಟಕ್ಕೆ ಕೆರೆಯೋ ಹಾಗಿಲ್ಲ. ಇದಕ್ಕೆ ಕೇಸ್ ಹಾಕ್ಬಹುದು."

"ಯಾರು ಹಾಕ್ತಾರೆ ಸಾರ್?"

"ಯಾರು ಅಂದ್ರೆ? ಕಟ್ಟಡ ಯಾರದೋ ಅವರು."

"ಹೌದಾ? ಇಷ್ಟು ವರ್ಷ ಯಾರದ್ದೂ ಆಗಿರ್ಲಿಲ್ಲ. ನಾನು ಕೆರೆದ ತಕ್ಷಣ ಯಜಮಾನ್ರು ಹುಟ್ಕೊಂಡ್ರಾ? ಹಾಕ್ಲಿ ಸಾರ್. ಕೇಸ್ ಹಾಕೋಕಾದ್ರೂ ಒಬ್ರು ಬರ್ಲಿ. ಬಂದೋರಿಗೇ ಈ ಗೋಡೆ ಕೊಡೋಣ."

ಮೇಡಂ ಕೆಮ್ಮಿದರು. ಕೆಮ್ಮೋ ನಗುವೋ ಹೇಳುವುದು ಕಷ್ಟ.

ಅವನು ಬಿರುಕಿನೊಳಗೆ ಪೆನ್ಸಿಲ್ ತೂರಿಸಿದ. ಅದು ಮುಕ್ಕಾಲು ಪಾಲು ಒಳಗೆ ಹೋಯಿತು. ತಲೆ ಎತ್ತಿ ತೊಲೆಯನ್ನು ನೋಡಿದ. ಒಡೆದ ಗಾಜನ್ನು ನೋಡಿದ, ಅದರ ಸಿಮೆಂಟಿನ ಮೇಲಿನ ತಾರೀಖು ಓದಿದ. ಮತ್ತೆ ತೊಲೆಯನ್ನು ನೋಡಿದ. ಹಾಗೆ ನೋಡುತ್ತಲೇ, ತನಗೇ ಗೊತ್ತಿಲ್ಲದೆ, ಎರಡು ಹೆಜ್ಜೆ ಹಿಂದಕ್ಕೆ ಇಟ್ಟ. ನಡುವಿನ ಪಟ್ಟಿಯೂ ಒಡೆದಿತ್ತು. ಅದನ್ನು ಗಂಟೆಯಮ್ಮ ಬೆಳಿಗ್ಗೆಯೇ ನೋಡಿದ್ದಳು.

ಹೊರಗೆ ಬಂದು ಅವನು ಹಣೆ ಒರೆಸಿಕೊಂಡ. ಅವಳು ಬೀಗ ಹಾಕಿ, ಕೀಲಿಯನ್ನು ಮುಷ್ಟಿಯಲ್ಲಿ ಹಿಡಿದು ಬಾಗಿಲಿಗೆ ಒರಗಿ ನಿಂತಳು. ಜಗುಲಿಯ ತುದಿಯಲ್ಲಿ ನಾಲ್ಕನೇ ತರಗತಿಯವರು ಮಗ್ಗಿ ಒಪ್ಪಿಸುತ್ತಿದ್ದರು. ಒಬ್ಬಳು ಹೇಳಿದರೆ ಉಳಿದವರೆಲ್ಲ ರಾಗವಾಗಿ ಹಿಂದೆ ಹೇಳುವುದು.

"ನೋಡಿ ಮೇಡಂ," ಅವನು ದನಿ ತಗ್ಗಿಸಿದ. "ನಾನು ಅಯೋಗ್ಯ ಅಂತ ಬರೆದ್ರೆ ನಾಳೆಯೇ ವಿಲೀನದ ಆದೇಶ ಬರುತ್ತೆ. ರಿಪೇರಿ ಮಾಡ್ಸಿ ಅಂತ ಯಾರಿಗೂ ಬರಲ್ಲ. ನಿಮ್ಮ ಶಾಲೆ ಮುಚ್ಚೋಕೆ ನನಗೇನು ಆಸೇನಾ? ಸಣ್ಣ ಬಿರುಕು, ದುರಸ್ತಿ ಬೇಕು ಅಂತ ಬರೀತೀನಿ. ಕೋಣೆ ಲೆಕ್ಕದಲ್ಲಿ ಉಳಿಯುತ್ತೆ. ಆದ್ರೆ ಐದೂ ಕೋಣೇಲಿ ಪಾಠ ನಡೀತಿರೋ ಫೋಟೋ ಬೇಕು. ನಾಲ್ಕಾಯ್ತು. ಇಲ್ಲಿ ಐದು ನಿಮಿಷ ಮಕ್ಕಳನ್ನ ಕೂರಿಸಿ. ಕ್ಲಿಕ್ ಅಂದ್ರೆ ಆಯ್ತು, ಎಬ್ಬಿಸಿಬಿಡಿ."

"ನೀವ್ಯಾಕೆ ಹಿಂದೆ ಸರಿದ್ರಿ ಸಾರ್?" ಎಂದಳು ಗಂಟೆಯಮ್ಮ.

"ಏನು?"

"ಒಳಗೆ. ಮೇಲೆ ನೋಡ್ತಾ ಎರಡು ಹೆಜ್ಜೆ ಹಿಂದೆ ಸರಿದ್ರಿ. ಆ ಎರಡು ಹೆಜ್ಜೇನೂ ಬರ್ಕೊಳ್ಳಿ."

ಅವನ ಮುಖ ಕೆಂಪಾಯಿತು. "ನಿಮ್ಮ ಕೆಲಸ ಪರ್ಮನೆಂಟಾ ಅಮ್ಮ?"

"ವರ್ಷಕ್ಕೊಂದು ಆದೇಶ ಸಾರ್."

"ಮತ್ತೆ? ಶಾಲೆ ಹೋದ್ರೆ ನಿಮ್ಮದೂ ಹೋಗುತ್ತೆ. ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು."

"ಹೋಗ್ಲಿ. ಮುಚ್ಚೋದಾದ್ರೆ ಬೀಗ ಹಾಕಿ ಮುಚ್ಲಿ ಸಾರ್. ಆಗ ಇವರ ಅಮ್ಮಂದಿರನ್ನೆಲ್ಲ ಕರ್ಕೊಂಡು ನಿಮ್ಮ ಎರಡೂ ಕಚೇರಿ ಮುಂದೆ ಬಂದು ಕೂತ್ಕೋತೀನಿ. ಬದುಕಿರೋ ಮಕ್ಕಳನ್ನ ಕರ್ಕೊಂಡು ಬರ್ತೀನಿ. ಸೂರು ಕೆಡವಿ ಮುಚ್ಚೋದು ಬೇಡ."

ಅವನು ಮೇಡಂ ಕಡೆ ತಿರುಗಿದ, ನೀವೇ ಹೇಳಿ ಎಂಬಂತೆ. ಮೇಡಂ ಅಂಗಳ ನೋಡಿದರು. ಹೊಸದಾಗಿ ಕಟ್ಟಿದ ನಲ್ಲಿಯ ಕಟ್ಟೆ, ಆಚೆ ಗೇಟು, ಗೇಟಿನಾಚೆ ದೂರದಲ್ಲಿ ಬಿಡುವಿಲ್ಲದೆ ಮೊರೆಯುವ ಹೆದ್ದಾರಿ. ಮೂವತ್ತು ವರ್ಷ ಅವರು ಈ ಅಂಗಳವನ್ನು ನೋಡುತ್ತ ಬಂದಿದ್ದರು.

"ನಾನೂ ಮಕ್ಕಳ ಜೊತೆ ಒಳಗೆ ಕೂತ್ಕೋತೀನಿ ಕಣೇ," ಎಂದರು ಮೆಲ್ಲಗೆ. "ಗೋಡೆ ಪಕ್ಕ ನಾನೇ ಕೂತ್ಕೋತೀನಿ. ಐದೇ ನಿಮಿಷ. ಒಂಬತ್ತು ವರ್ಷ ಬೀಳದೆ ಇದ್ದಿದ್ದು ಐದು ನಿಮಿಷಕ್ಕೆ ಬೀಳುತ್ತಾ? ಶಾಲೆ ಉಳೀಲಿ. ನಾಳೆ ಇಬ್ರೂ ಸೇರಿ ಜಗಳ ಆಡೋಣ, ನಿನ್ನಾಣೆ. ಕೊಡು, ಕೀಲಿ ಕೊಡು."

ಅವರು ಕೈ ಚಾಚಿದರು. ಅಂಗೈಯ ಗೆರೆಗಳಲ್ಲೆಲ್ಲ ಸೀಮೆಸುಣ್ಣ ತುಂಬಿ ಬೆಳ್ಳಗಿತ್ತು. ಗಂಟೆಯಮ್ಮ ಆ ಕೈಯನ್ನು ನೋಡಿದಳು. ಜ್ವರ ಬಂದಾಗ ಅವಳ ಹಣೆ ಮುಟ್ಟಿದ್ದ ಕೈ ಅದು. ಆದೇಶ ತಡವಾದ ವರ್ಷ ಅವಳ ಪರವಾಗಿ ಕಚೇರಿಗೆ ಬರೆದಿದ್ದೂ ಅದೇ ಕೈ. ಜಗುಲಿಯಲ್ಲಿ ಮಗ್ಗಿ ನಡುವೆಯೇ ನಿಂತುಹೋಗಿತ್ತು. ಹೇಳಿಕೊಡುತ್ತಿದ್ದ ಹುಡುಗಿ ಮುಂದಿನ ಸಾಲನ್ನು ಬಾಯಲ್ಲೇ ಹಿಡಿದುಕೊಂಡು ಇತ್ತ ನೋಡುತ್ತಿದ್ದಳು, ಹಿಂದೆ ಹೇಳಬೇಕಾದವರೆಲ್ಲ ಅವಳ ಜೊತೆ ನೋಡುತ್ತಿದ್ದರು.

ಗಂಟೆಯಮ್ಮ ಕೀಲಿಯಿದ್ದ ಮುಷ್ಟಿಯನ್ನು ಬೆನ್ನ ಹಿಂದೆ ಮಾಡಿಕೊಂಡಳು.

"ಇಲ್ಲ ಮೇಡಂ," ಎಂದಳು. "ಕೊಡಲ್ಲ."